ಏಟಿನ ಮೇಲೊಂದು ಕೊಸರು

"ಗುರುಗಳೇ, ಅವರು ನಮ್ಮವರಲ್ಲಿ ಮೂವರನ್ನು ಕೊಂದರು. ನಾವು ಅವರಲ್ಲಿ ಎಷ್ಟು ಜನರನ್ನು ಕೊಂದರೆ ನ್ಯಾಯವಾಗುತ್ತದೆ?"

ಹೀಗೆ ಕೇಳಿದವನು ಕಾಟಯ್ಯ. ಒಂದು ಕಾಲಕ್ಕೆ ಆ ಗುರುಗಳ ಮಠದಲ್ಲಿ ಐದು ವರ್ಷ ಓದಿದವನು, ಈಗ ತನ್ನ ಪಾಳೆಯದ ನಾಯಕನಿಗೆ ದಳವಾಯಿ. ಎಂಟು ದಿನಗಳ ಹಿಂದೆ ಪಕ್ಕದ ಪಾಳೆಯದವರು ದನ ಹೊಡೆದುಕೊಂಡು ಹೋಗಲು ಬಂದಿದ್ದರು. ಕಾಟಯ್ಯನ ಮಂದಿ ಕಣಿವೆಯಲ್ಲಿ ಅಡ್ಡಗಟ್ಟಿ, ಬಡಿದಾಡಿ, ದನಗಳನ್ನೆಲ್ಲ ಬಿಡಿಸಿಕೊಂಡು, ಬಂದವರನ್ನು ಗಡಿಯಾಚೆಗೆ ಅಟ್ಟಿದರು. ಆ ಬಡಿದಾಟದಲ್ಲಿ ಈ ಕಡೆಯ ಮೂವರು ಸತ್ತರು. ಅವರಲ್ಲಿ ಒಬ್ಬ ಕಾಟಯ್ಯನ ಚಿಕ್ಕಮ್ಮನ ಮಗ, ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು. ಆ ಕಡೆಯವರಲ್ಲಿ ಒಬ್ಬನೂ ಸತ್ತಿರಲಿಲ್ಲ.

ನಾಯಕನಿಗೆ ಇದು ಸಹಿಸಲಾಗದ ಸಂಗತಿಯಾಗಿತ್ತು. ಅವರ ಊರಿಗೇ ನುಗ್ಗಿ ತೀರಿಸಿಕೊಳ್ಳಬೇಕೆಂದು ಅವನ ಕೈ ಕಡಿಯುತ್ತಿತ್ತು. ಹಾಗೆಂದು ಅವನು ದುಷ್ಟನಲ್ಲ. ಧರ್ಮ ಮೀರಿದ ಎಂಬ ಮಾತು ಬರಬಾರದೆಂಬ ಅಂಜಿಕೆಯೂ ಇತ್ತು. ಆದ್ದರಿಂದ ನೀನು ಓದಿದವನು, ಎಷ್ಟು ಎಂದು ಗುರುಗಳನ್ನು ಕೇಳಿಕೊಂಡು ಬಾ, ಅಷ್ಟೇ ಮಾಡೋಣ, ಒಂದು ಹೆಚ್ಚಲ್ಲ ಒಂದು ಕಡಿಮೆಯಲ್ಲ ಎಂದು ಕಾಟಯ್ಯನನ್ನು ಕಳಿಸಿದ್ದ. ಮಠದ ಹೊರಗೆ ಜೀನು ಬಿಚ್ಚದೆಯೇ ಕುದುರೆ ನಿಂತಿತ್ತು.

ಗುರುಗಳು ಎರಡೇ ಸಂಗತಿ ವಿಚಾರಿಸಿದರು. ದನಗಳು ಹಟ್ಟಿಗೆ ಬಂದವೇ ಎಂದು ಕೇಳಿದರು. ಬಂದಿದ್ದವು. ಆ ಮೇಲೆ ಅವರು ಮತ್ತೆ ಬಂದಿದ್ದರೇ ಎಂದು ಕೇಳಿದರು. ಕಣಿವೆಗೆ ಐವತ್ತು ಜನರ ಕಾವಲು ಹಾಕಿದೆ, ಆ ಕಡೆಯಿಂದ ಒಂದು ನಾಯಿಯೂ ಸುಳಿದಿಲ್ಲ ಎಂದು ಕಾಟಯ್ಯ ಹೇಳಿದ. ಗುರುಗಳ ಮುಂದೆ ಮೊರದ ತುಂಬ ಅವರೆಕಾಯಿ ಇತ್ತು. ಅದನ್ನು ಅವನ ಕಡೆಗೆ ಅರ್ಧ ಸರಿಸಿ, ಬರಿಗೈಯಲ್ಲಿ ಕೂತು ಕತೆ ಕೇಳಬಾರದು, ಸುಲಿ ಎಂದರು. ದಳವಾಯಿ ಕತ್ತಿ ಬಿಚ್ಚಿ ಪಕ್ಕಕ್ಕಿಟ್ಟು ಅವರೆಕಾಯಿ ಸುಲಿಯಲು ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಹೊಳೆ. ಈಚೆ ದಡದಲ್ಲಿ ಒಂದು ಊರು, ಆಚೆ ದಡದಲ್ಲಿ ಒಂದು ಊರು. ನಡೆದು ದಾಟುವಂಥ ಹೊಳೆಯಲ್ಲ, ಹರಿಗೋಲೇ ಗತಿ. ಎರಡೂ ಊರಿಗೆ ಮೂರು ಮೂರು ಹರಿಗೋಲುಗಳಿದ್ದವು. ಹೆಣ್ಣು ಕೊಡುವುದು, ತರುವುದು, ಸಂತೆಗೆ ಹೋಗುವುದು, ಸತ್ತರೆ ಅಳಲು ಹೋಗುವುದು, ಎಲ್ಲವೂ ಆ ಹರಿಗೋಲುಗಳ ಮೇಲೆಯೇ ನಡೆಯುತ್ತಿತ್ತು.

ಈಚೆ ಊರಿನಲ್ಲಿ ಒಬ್ಬ ವರ್ತಕನಿದ್ದ. ಬೆಲ್ಲ, ಬೇಳೆ, ಉಪ್ಪು ಅವನ ವ್ಯಾಪಾರ. ಅವನ ತಕ್ಕಡಿಯ ಬಗ್ಗೆ ಯಾರೂ ಒಂದು ಮಾತು ಆಡಿದವರಿಲ್ಲ. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೂ ಅವನ ಕೈ ನಿಲ್ಲುತ್ತಿರಲಿಲ್ಲ. ಬೆಲ್ಲ ತೂಗಿದ ಮೇಲೆ ಇನ್ನೊಂದು ಚೂರು, ಬೇಳೆ ಅಳೆದ ಮೇಲೆ ಇನ್ನೊಂದು ಹಿಡಿ ಕೊಸರು ಹಾಕಿದರೇ ಅವನಿಗೆ ಸಮಾಧಾನ. ಅವನ ಅಪ್ಪ ಹಾಗೆ ಹಾಕುತ್ತಿದ್ದ, ಅಜ್ಜನೂ ಹಾಕುತ್ತಿದ್ದ. ಕೊಸರಿಲ್ಲದ ತೂಕ ಆ ಮನೆತನದಲ್ಲಿ ತೂಕವೇ ಅಲ್ಲ. ಇದ್ದ ಒಬ್ಬಳೇ ಮಗಳಿಗೂ ಅದನ್ನೇ ಕಲಿಸಿ, ದೊಡ್ಡವಳಾದ ಮೇಲೆ ಆಚೆ ಊರಿಗೆ ಮದುವೆ ಮಾಡಿ ಕೊಟ್ಟಿದ್ದ. ಈಗ ಅವಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆತರಬೇಕು, ಅದೊಂದೇ ಅವನ ತಲೆಯಲ್ಲಿದ್ದ ಯೋಚನೆ.

ಅದೇ ಊರಿನಲ್ಲಿ ಒಬ್ಬಳು ಅಜ್ಜಿ ಇದ್ದಳು. ಎರಡೂ ಊರಿಗೆ ಅವಳೇ ಸೂಲಗಿತ್ತಿ. ಅವಳ ಮಾಳಿಗೆಯ ಮೇಲೆ ಬೂದುಗುಂಬಳದ ಬಳ್ಳಿ ಹಬ್ಬಿ ಕಾಯಿ ಬಿಟ್ಟಿತ್ತು. ಒಂದು ಮಧ್ಯಾಹ್ನ, ಊರಿಗೆ ಊರೇ ಉಂಡು ಮಲಗಿದ್ದ ಹೊತ್ತಿನಲ್ಲಿ, ಆಚೆ ಊರಿನ ಅಂಬಿಗನೂ ಅವನ ಇಬ್ಬರು ಗೆಳೆಯರೂ ಆ ಕಾಯಿ ಕದಿಯಲು ಬಂದರು. ಅಂಬಿಗ ಮತ್ತು ಒಬ್ಬ ಗೆಳೆಯ ಏಣಿ ಹತ್ತಿ ಮೇಲೆ ಹೋದರು. ಇನ್ನೊಬ್ಬ ಕೆಳಗೆ ಹಿಡಿದುಕೊಳ್ಳಲು ನಿಂತ. ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಕೆಳಗಿದ್ದವನು ಅವಳನ್ನು ನೋಡಿದವನೇ ಗೆಳೆಯರಿಗೆ ಒಂದು ಮಾತೂ ಹೇಳದೆ ಓಟ ಕಿತ್ತ. ಮೇಲಿದ್ದವರಿಗೆ ಇದು ಗೊತ್ತಿಲ್ಲ. ಅವರು ಕೀಳುತ್ತಲೇ ಹೋದರು, ಎಸೆಯುತ್ತಲೇ ಹೋದರು. ಆರು ಕಾಯಿ ನೆಲಕ್ಕೆ ಬಿದ್ದು ಒಡೆದ ಮೇಲೆ ಅನುಮಾನ ಬಂದು ಬಗ್ಗಿ ನೋಡಿದರು.

ಅಜ್ಜಿ ಕೂಗಲಿಲ್ಲ, ಕೋಲು ಹುಡುಕಲಿಲ್ಲ. ಏಣಿಯನ್ನು ತೆಗೆದು ನೆಲದ ಮೇಲೆ ಮಲಗಿಸಿ, ಅದರ ಮೇಲೆಯೇ ಕೂತು ಎಲೆ ಅಡಿಕೆ ಕುಟ್ಟತೊಡಗಿದಳು. ಮಾಳಿಗೆಯ ಮಣ್ಣು ಕಾದು ಹೆಂಚಾಗಿತ್ತು. ಇಬ್ಬರೂ ಒಂದು ಕಾಲಿನ ಮೇಲೆ ಒಂದಷ್ಟು ಹೊತ್ತು, ಇನ್ನೊಂದು ಕಾಲಿನ ಮೇಲೆ ಒಂದಷ್ಟು ಹೊತ್ತು ನಿಂತರು. ಎರಡು ಗಳಿಗೆ ಕಳೆಯುವಷ್ಟರಲ್ಲಿ ತಪ್ಪಾಯಿತು ಅಂದರು. ಮೂರನೆಯ ಗಳಿಗೆಗೆ ತಾಯಾಣೆ ಇಟ್ಟರು. ನಾಲ್ಕನೆಯ ಗಳಿಗೆಗೆ, ಓಡಿಹೋದವನ ಪರವಾಗಿಯೂ ಆಣೆ ಇಟ್ಟರು. ಆಗ ಅಜ್ಜಿ ಏಣಿ ಹಚ್ಚಿದಳು. ಇಳಿದು ಬಂದವರಿಗೆ ಒಂದೊಂದು ಚೆಂಬು ಮಜ್ಜಿಗೆ ಕೊಟ್ಟು, ಕೇಳಿದ್ದರೆ ಒಂದು ಕಾಯಿ ನಾನೇ ಕೊಡುತ್ತಿರಲಿಲ್ಲವೇ ಎಂದು ಬೈದು ಕಳಿಸಿದಳು. ಅವಳ ಮಟ್ಟಿಗೆ ಕತೆ ಅಲ್ಲಿಗೆ ಮುಗಿಯಿತು.

ಊರಿನ ಮಟ್ಟಿಗೆ ಅಲ್ಲಿಂದ ಶುರುವಾಯಿತು. ಸಂಜೆ ಕಟ್ಟೆಯ ಮೇಲೆ ಕೂತವರು ಸುದ್ದಿ ಕೇಳಿ ಕಣ್ಣು ಕೆಂಪಗೆ ಮಾಡಿಕೊಂಡರು. ನಮ್ಮೂರಿನದು ಆರು ಕಾಯಿ ಒಡೆಯಿತು, ಅವರೂರಿನದು ಏನು ಒಡೆಯಿತು ಎಂದು ಒಬ್ಬ ಕೇಳಿದ. ಏನೂ ಒಡೆದಿರಲಿಲ್ಲ. ಮೇಲಾಗಿ ಅವರು ಮಜ್ಜಿಗೆ ಕುಡಿದು ಹೋಗಿದ್ದರು. ಇದಕ್ಕಿಂತ ಅವಮಾನ ಬೇಕೇ ಎಂದು ಯುವಕರು ಎದ್ದು, ಆಚೆ ಊರಿನ ಹುಲ್ಲಿನ ಬಣವೆಗಳಿಗೆ ಬೆಂಕಿ ಇಡುತ್ತೇವೆ ಎಂದು ಹೊರಟೇಬಿಟ್ಟರು. ಗೌಡ ಅವರನ್ನು ತಡೆದ. ಅವನು ವಿವೇಕಿ. ಬೆಂಕಿ ಬೇಡ, ಅನ್ಯಾಯವಾಗುತ್ತದೆ, ನಮಗೆ ಎಷ್ಟು ಪೆಟ್ಟು ಬಿದ್ದಿದೆಯೋ ಅಷ್ಟೇ ತೂಕದ ಪೆಟ್ಟು ಕೊಡೋಣ ಎಂದ. ಎಲ್ಲರೂ ತಲೆದೂಗಿದರು. ತೂಗುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ವರ್ತಕನ ಮೇಲೆ ಬಿದ್ದವು.

ವರ್ತಕನಿಗೆ ಮೊದಲು ಹೆದರಿಕೆಯಾಯಿತು. ಮಗಳು ಅದೇ ಊರಿನಲ್ಲಿದ್ದಾಳಲ್ಲ ಎಂದುಕೊಂಡ. ಆಮೇಲೆ, ತೂಗುವ ಕೆಲಸ ತನ್ನ ಕೈಯಲ್ಲಿದ್ದರೆ ಅತಿರೇಕವಾಗುವುದಿಲ್ಲ, ಮಗಳಿಗೂ ತೊಂದರೆಯಿಲ್ಲ ಎಂದು ಸಮಾಧಾನ ಮಾಡಿಕೊಂಡ. ಆರಕ್ಕೆ ಆರು ಎಂದು ಹೇಳಿದ. ಮರುದಿನ ಹತ್ತು ಜನ ಹರಿಗೋಲು ಹತ್ತಿ ಹೋಗಿ ಆಚೆ ಊರಿನ ಒಂದು ಮಾಳಿಗೆಯಿಂದ ಆರು ಕಾಯಿ ಕಿತ್ತು ನೆಲಕ್ಕೆ ಹೊಡೆದರು. ತೂಕ ತಪ್ಪಬಾರದೆಂದು ವರ್ತಕನೂ ಜೊತೆಯಲ್ಲಿ ಮಾಳಿಗೆ ಹತ್ತಿ ನಿಂತಿದ್ದ. ಆರನೆಯದು ಒಡೆಯಿತು. ಎಲ್ಲರೂ ಹಿಂದಿರುಗಲು ತಿರುಗಿದರು. ಆಗ ವರ್ತಕನ ಕೈ, ಅವನನ್ನು ಕೇಳದೆಯೇ ಮುಂದೆ ಚಾಚಿ, ಪಕ್ಕದಲ್ಲಿದ್ದ ಒಂದು ಪುಟ್ಟ ಕಾಯಿಯನ್ನು ಮೆಲ್ಲಗೆ ಕೆಳಕ್ಕೆ ನೂಕಿತು.

ಜೊತೆಯವರು ಅವನ ಬೆನ್ನು ತಟ್ಟಿದರು. ಎಂಥ ಧರ್ಮವಂತ, ಹಗೆಗಳಿಗೂ ಕೊಸರು ಮರೆಯಲಿಲ್ಲ ಎಂದು ಊರಿಗೆ ಬಂದು ಹೊಗಳಿದರು.

ಆಚೆ ಊರಿನವರು ಒಡೆದ ಕಾಯಿಗಳನ್ನು ಎಣಿಸಿದರು. ಏಳು. ಎರಡು ಸಲ ಎಣಿಸಿದರು, ಆಗಲೂ ಏಳು. ನಮ್ಮವರು ಒಡೆದದ್ದು ಆರು, ಅದೂ ಬೇಕೆಂದು ಒಡೆದದ್ದಲ್ಲ, ಸಾಲದ್ದಕ್ಕೆ ಇಬ್ಬರ ಅಂಗಾಲು ಬೆಂದಿದೆ ಎಂದು ಅವರ ಕಟ್ಟೆಯ ಮೇಲೂ ಮಾತಾಯಿತು. ಅಲ್ಲಿಯೂ ಬೆಂಕಿ ಇಡುತ್ತೇವೆಂದು ಹೊರಟ ಯುವಕರಿದ್ದರು. ಅಲ್ಲಿಯೂ ವಿವೇಕಿಯಾದ ಒಬ್ಬ ಗೌಡನಿದ್ದ. ಅವರೂ ಯಾರನ್ನೋ ತೂಗಲು ಕೂರಿಸಿದರು. ಮೂರನೆಯ ದಿನ ಈಚೆ ಊರಿನಲ್ಲಿ ಏಳು ಕಾಯಿ ಒಡೆದವು, ಮತ್ತು ಮೇಲೊಂದು.

ಹೀಗೆ ಒಂಬತ್ತಾಯಿತು, ಹತ್ತಾಯಿತು. ಎರಡೂ ಊರಿನ ಮಾಳಿಗೆಗಳಲ್ಲಿ ಕಾಯಿ ಮುಗಿದವು. ವರ್ತಕನಿಗೆ ಈಗ ನಿಜವಾದ ಕೆಲಸ ಬಂತು. ಕಾಯಿ ಇಲ್ಲದ ಮೇಲೆ ಅದಕ್ಕೆ ಸಮನಾದದ್ದನ್ನು ಹುಡುಕಬೇಕಲ್ಲ. ಒಂದು ಬೂದುಗುಂಬಳಕ್ಕೆ ಎರಡು ಮಣ್ಣಿನ ಗಡಿಗೆ ಎಂದು ಗೊತ್ತು ಮಾಡಿದ. ಗಡಿಗೆಗಳು ಒಡೆದು, ಎರಡೂ ಊರಿನ ಹೆಂಗಸರು ನೀರಿಗೆ ಏನು ಹಿಡಿದುಕೊಂಡು ಹೋಗುವುದೆಂದು ಗಂಡಸರನ್ನು ಅಟ್ಟಾಡಿಸಿದಾಗ, ಮೂರು ಗಡಿಗೆಗೆ ಒಂದು ಹುಂಜ ಎಂದು ಬದಲಾಯಿಸಿದ. ಹುಂಜ ಕೂಗುವುದಕ್ಕೆ ಬೇರೆ ತೂಕ ಇಡಬೇಕೇ ಎಂಬ ವಿಷಯದಲ್ಲಿ ಒಂದು ದಿನವಿಡೀ ಚರ್ಚೆ ನಡೆಯಿತು. ಕೊನೆಗೆ ಕೂಗುವ ಹುಂಜಕ್ಕೆ ಕೂಗುವ ಹುಂಜವೇ ಆಗಬೇಕೆಂದು ತೀರ್ಮಾನವಾಗಿ, ಹಿಡಿದು ತಂದ ಹುಂಜ ಕೂಗುವವರೆಗೆ ಹತ್ತು ಜನ ಅದರ ಸುತ್ತ ಕೂತು ಕಾದರು.

ಇಲ್ಲಿ ಕಾಟಯ್ಯ ನಕ್ಕ. ನಗಬೇಡ, ಅವರೂ ನಿನ್ನ ನಾಯಕನಷ್ಟೇ ಗಂಭೀರವಾಗಿದ್ದರು ಎಂದು ಗುರುಗಳು ಹೇಳಿ ಮುಂದುವರಿದರು.

ಆಮೇಲೆ ಮೀಸೆಯ ಪ್ರಸಂಗ ಬಂತು. ಈಚೆ ಊರಿನ ಗೌಡನ ಭಾವಮೈದ ಸಂತೆಗೆ ಹೋಗಿದ್ದ. ನಿಂಬೆಹಣ್ಣು ನಿಲ್ಲಿಸಬಹುದಾದ ಮೀಸೆ ಅವನದು. ಆಚೆ ಊರಿನವರು ಅವನನ್ನು ಹಿಡಿದು ಕೂರಿಸಿ, ಕಳೆದ ಸಲದ ಹುಂಜಗಳ ಮೇಲಿನ ಕೊಸರಿಗೆಂದು ಆ ಮೀಸೆಯನ್ನು ಬೋಳಿಸಿ ಕಳಿಸಿದರು. ವರ್ತಕ ಮೂರು ದಿನ ಅಂಗಡಿ ಮುಚ್ಚಿ ಯೋಚಿಸಿದ. ಮೀಸೆಯನ್ನು ತಕ್ಕಡಿಯಲ್ಲಿ ತೂಗಿದರೆ ಒಂದು ಮೆಣಸಿನಕಾಯಿಯಷ್ಟೂ ಬರುವುದಿಲ್ಲ. ಆದರೆ ಗೌಡನ ಭಾವಮೈದ ಮನೆಯಿಂದ ಹೊರಗೆ ಬರುತ್ತಿಲ್ಲ, ಅನ್ನ ಮುಟ್ಟುತ್ತಿಲ್ಲ. ಕೊನೆಗೆ ಮೀಸೆಗೆ ಮೀಸೆಯೇ ಸಮ ಎಂದು ಹೇಳಿದ. ಮುಂದಿನ ಸಂತೆಯಲ್ಲಿ ಆಚೆ ಊರಿನ ಒಬ್ಬನ ಇಡೀ ಮೀಸೆ ಹೋಯಿತು. ಕೊಸರಿಗೆಂದು ಇನ್ನೊಬ್ಬನ ಅರ್ಧ ಮೀಸೆ ಹೋಯಿತು.

ಇಡೀ ಮೀಸೆ ಹೋದವನು, ತಿರುಪತಿಯ ಹರಕೆ ಎಂದು ಹೇಳಿಕೊಂಡು ಹೇಗೋ ತಿರುಗಾಡಿದ. ಅರ್ಧ ಹೋದವನ ಪಾಡು ಹೇಳತೀರದು. ಅರ್ಧ ಹರಕೆ ಎಂದು ಯಾವ ದೇವರ ಹೆಸರು ಹೇಳುವುದು? ಉಳಿದರ್ಧವನ್ನು ತೆಗೆದುಬಿಡು ಎಂದು ಹೆಂಡತಿ ಅತ್ತು ಕರೆದಳು. ಅವನು ತೆಗೆಯಲಿಲ್ಲ. ಇದು ಸಾಕ್ಷಿ, ಇದನ್ನು ತೀರಿಸುವವರೆಗೆ ಹೀಗೆಯೇ ಇರುತ್ತೇನೆ ಎಂದು ಅರ್ಧ ಮೀಸೆಯಲ್ಲೇ ಮನೆ ಮನೆಗೆ ಹೋಗಿ ಮುಖ ತೋರಿಸಿದ. ಆ ಮುಖ ನೋಡಿ ಆಚೆ ಊರಿನ ಹೊಟ್ಟೆ ಉರಿಯಿತು. ಇನ್ನು ಕಾಯಿ, ಗಡಿಗೆ, ಹುಂಜಗಳ ಮಾತೇ ಇಲ್ಲ ಎಂದು ಅವರು ಹರಿಗೋಲಿಗೆ ಕೈ ಹಾಕಿದರು. ಈಚೆ ದಡದ ಒಂದು ಹರಿಗೋಲಿನ ಚರ್ಮ ಸೀಳಿದರು. ಕೊಸರಿಗೆ ಇನ್ನೊಂದನ್ನು ಸೀಳಿದರು.

ಇಷ್ಟೆಲ್ಲ ನಡೆದದ್ದು ಹಾಡಹಗಲಿನಲ್ಲಿ. ಅಡ್ಡ ಬಂದವರು ಯಾರೂ ಇಲ್ಲ. ತೀರಿಸಿಕೊಳ್ಳಲು ಬಂದವರಿಗೆ ದಾರಿ ಬಿಟ್ಟು ಪಕ್ಕದಲ್ಲಿ ನಿಂತು, ಎಷ್ಟು ಹೋಯಿತೆಂದು ಬೆರಳು ಮಡಚುತ್ತಿದ್ದರು. ತಡೆಯುವುದು ಎಂದರೆ ಏನೆಂಬುದೇ ಎರಡೂ ಊರಿಗೆ ಮರೆತುಹೋಗಿತ್ತು. ಬಂದವರನ್ನು ತಡೆದುಬಿಟ್ಟರೆ ಆಮೇಲೆ ತೀರಿಸಿಕೊಳ್ಳಲು ಏನು ಉಳಿಯುತ್ತದೆ?

ಈಗ ವರ್ತಕ ಕೂತು ತೂಗಿದ. ನಮ್ಮದು ಹೋದದ್ದು ಎರಡು. ಅವರದು ಹೋಗಬೇಕಾದದ್ದು ಎರಡು, ಕೊಸರು ಒಂದು, ಒಟ್ಟು ಮೂರು. ಆಚೆ ಊರಿನಲ್ಲಿ ಇರುವುದೇ ಮೂರು. ಮಗಳಿಗೆ ಒಂಬತ್ತು ತಿಂಗಳು ತುಂಬುತ್ತ ಬಂದಿತ್ತು. ಮೇಲೆ ಎಲ್ಲೋ ಮಳೆಯಾಗಿ ಹೊಳೆ ದಿನದಿನಕ್ಕೆ ಏರುತ್ತಿತ್ತು. ಮೂರೂ ಹೋದರೆ ಮಗಳು ಈ ಕಡೆ ಬರುವ ಹಾಗಿಲ್ಲ. ಈ ಕಡೆ ಉಳಿದ ಒಂದೇ ಹರಿಗೋಲು ಆಮೇಲೆ ಆ ದಡ ಮುಟ್ಟಿದರೆ ಅದನ್ನೂ ಅವರು ಸೀಳದೆ ಬಿಡುವುದಿಲ್ಲ, ಆಗ ಸೂಲಗಿತ್ತಿ ಅಜ್ಜಿ ಆ ಕಡೆ ಹೋಗುವ ಹಾಗಿಲ್ಲ. ಎರಡು ತಿಂಗಳಿನಿಂದ ಇಷ್ಟೊಂದು ನ್ಯಾಯವಾಗಿ ತೂಗಿದ ಮನುಷ್ಯ ಅವತ್ತು ಮೊದಲ ಸಲ, ಈ ತಕ್ಕಡಿ ಯಾರ ಕತ್ತಿನ ಹತ್ತಿರ ಬಂತು ಎಂದು ನೋಡಿದ.

ಗೌಡನ ಬಳಿಗೆ ಹೋಗಿ, ಈ ಸಲ ಕೊಸರು ಬೇಡ, ಎರಡಕ್ಕೆ ಎರಡು ಸಾಕು ಎಂದು ಮೆತ್ತಗೆ ಹೇಳಿದ. ಕಟ್ಟೆಯ ಮೇಲಿದ್ದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಲವತ್ತು ವರ್ಷ ನಮಗೆ ಉಪ್ಪು ತೂಗುವಾಗಲೂ ಕೊಸರು ಕೊಟ್ಟವನು, ಇವತ್ತು ಊರಿನ ಮಾನದ ಪ್ರಶ್ನೆ ಬಂದಾಗ ಜಿಪುಣನಾದನಲ್ಲ ಎಂದು ಒಬ್ಬ ಅಂದ. ಮಗಳು ಆ ಕಡೆ ಇದ್ದಾಳಲ್ಲ, ಕೈ ನಡುಗುತ್ತದೆ ಎಂದು ಗೌಡನ ಭಾವಮೈದ ಬೋಳು ಮೇಲ್ದುಟಿಯನ್ನು ಸವರಿಕೊಳ್ಳುತ್ತ ಅಂದ. ವರ್ತಕನಿಗೆ ಮುಖವೆಲ್ಲ ಬಿಸಿಯಾಯಿತು. ತನ್ನ ತಕ್ಕಡಿಯ ಬಗ್ಗೆ ಒಬ್ಬನೂ ಹೀಗೆ ಮಾತಾಡಿರಲಿಲ್ಲ. ಆಗಲಿ, ಮೂರೇ ಎಂದುಬಿಟ್ಟ. ಆಮೇಲೆ ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಉಳಿದಿದ್ದ ಒಂದೇ ಹರಿಗೋಲಿನಲ್ಲಿ ಅವನೂ ಆರು ಜನರೂ ಹೋದರು. ಆಚೆ ದಡದಲ್ಲಿ ಊರಿನವರು ಎಂದಿನಂತೆ ದಾರಿ ಬಿಟ್ಟು ನಿಂತಿದ್ದರು. ಮೊದಲನೆಯ ಹರಿಗೋಲನ್ನು ಸೀಳಿದರು. ಎರಡನೆಯದನ್ನು ಸೀಳಿದರು. ಕೊಸರು ಹಾಕುವುದು ತೂಗುವವನ ಕೆಲಸ. ಮೂರನೆಯದಕ್ಕೆಂದು ಮಚ್ಚನ್ನು ವರ್ತಕನ ಕೈಗೆ ಕೊಟ್ಟು ಆರು ಜನರೂ ಹಿಂದೆ ಸರಿದರು. ವರ್ತಕ ಹತ್ತಿರ ಹೋದ. ಮೂರನೆಯ ಹರಿಗೋಲಿನ ನಡುವೆ ಅವನ ಮಗಳು, ಪಕ್ಕದಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು, ಎರಡೂ ಕೈಗಳಿಂದ ಹೊಟ್ಟೆ ಹಿಡಿದು ಕೂತಿದ್ದಳು. ಹುಟ್ಟು ಹಿಡಿದ ಅಂಬಿಗ ಪಕ್ಕದಲ್ಲಿ ನಿಂತಿದ್ದ.

"ಬಾ ಅಪ್ಪಯ್ಯ," ಅಂದಳು ಮಗಳು. "ಎರಡು ಆದ್ವು. ಕೊಸರಿಗೆ ಅಂತ ಇದೊಂದೇ ಉಳಿದಿರೋದು."

"ಕೊಸರು ಅಂತ ನಿನಗ್ಯಾರು ಹೇಳಿದ್ರು ತಾಯಿ?"

"ಯಾರು ಹೇಳ್ಬೇಕು? ಈ ಊರಿಗೆ ತೂಗಿ ಕೊಡ್ತಿರೋಳು ನಾನೇ. ಆ ವರ್ತಕನ ಮಗಳು, ಇವಳು ಮೋಸ ಮಾಡಲ್ಲ ಅಂತ ಗೌಡ್ರು ನನ್ನೇ ಕೂರಿಸಿದ್ರು. ನೀನು ಕಲಿಸಿದ ಹಂಗೇ ತೂಗಿದೀನಿ. ಒಂದು ಸಲಾನೂ ಕೊಸರು ತಪ್ಪಿಸಿಲ್ಲ."

ನಿಜ ಹೇಳಬೇಕೆಂದರೆ ವರ್ತಕನಿಗೆ ಮೊದಲು ಆದದ್ದು ಹೆಮ್ಮೆ. ಗೌಡನ ಭಾವಮೈದನ ಮೀಸೆಯನ್ನು ಅಷ್ಟು ಸರಿಯಾಗಿ ತೂಗಿದವಳು ತನ್ನ ಮಗಳೇ ಎಂದು ಒಂದು ಗಳಿಗೆ ಎದೆ ಉಬ್ಬಿತು. ಅದರ ಬೆನ್ನಿಗೇ ಅವನು ಮಗಳ ಹೊಟ್ಟೆಯ ಕಡೆ ನೋಡಿದ. ಎರಡು ತಿಂಗಳಿನಿಂದ ಆ ಕಡೆ ಕೂತು ಅವಳು, ಈ ಕಡೆ ಕೂತು ತಾನು, ಒಬ್ಬರಿಗೊಬ್ಬರು ಹಿಡಿ ಹಿಡಿ ಕೊಸರು ಹಾಕುತ್ತ ಬಂದು, ಹುಟ್ಟಬೇಕಾದ ಮೊಮ್ಮಗುವನ್ನು ಹೊಳೆಯ ತಪ್ಪು ದಡದಲ್ಲಿ ಕೂರಿಸಿದ್ದೇವೆ ಎಂದು ಅವನಿಗೆ ಅರಿವಾಯಿತು. ಇಬ್ಬರಲ್ಲಿ ಒಬ್ಬರೂ ತೂಕ ತಪ್ಪಿರಲಿಲ್ಲ. ಅಳು ಬಂತು. ಮಚ್ಚು ಹಿಡಿದುಕೊಂಡೇ ಅತ್ತ.

ಅಂಬಿಗ ಹುಟ್ಟನ್ನು ನೆಲಕ್ಕೆ ಊರಿ ಬಾಯಿ ಬಿಟ್ಟ.

"ಶೆಟ್ರೇ, ನನಗೆ ತೂಕಗೀಕ ತಿಳಿಯಲ್ಲ, ಒಂದು ಮಾತು ಕೇಳ್ತೀನಿ. ಕಾಯಿ ಕದ್ದೋರು ನಾವು ಮೂರು ಜನ. ಅಜ್ಜಿ ಏಣಿ ತೆಗೆದ ದಿನಾನೇ ಬಿಟ್ವಿ. ಅಲ್ಲಿಂದೀಚೆಗೆ ನಿಮ್ಮೂರಿನ ಮಾಳಿಗೆ ಕಡೆ ತಲೆ ಎತ್ತಿ ಸೈತ ನೋಡಿಲ್ಲ. ಅವತ್ತಿಂದ ಇವತ್ತಿನ ತನಕ ನೀವು ಹತ್ತತ್ತು ಜನ ಬಂದು ತಡೀತಿರೋದು ಯಾರನ್ನ?"

ವರ್ತಕ ಯೋಚಿಸಿದ. ಬೇಳೆಗೆ, ಬೆಲ್ಲಕ್ಕೆ, ಹುಂಜಕ್ಕೆ, ಮೀಸೆಗೆ ತೂಕ ಹೇಳಿದವನು ಈ ಲೆಕ್ಕವನ್ನು ಒಮ್ಮೆಯೂ ಹಾಕಿರಲಿಲ್ಲ. ಅಜ್ಜಿ ಅವತ್ತು ಮಾಡಿದ್ದನ್ನು ಊರಿನಲ್ಲಿ ಒಬ್ಬರೂ ಪೆಟ್ಟು ಎಂದು ಎಣಿಸಿರಲಿಲ್ಲ, ಏಕೆಂದರೆ ಅದರಿಂದ ಆಚೆ ಕಡೆ ಏನೂ ಒಡೆದಿರಲಿಲ್ಲ. ಕಳ್ಳರು ನಿಂತರೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಅವನು ಮಚ್ಚನ್ನು ಹೊಳೆಗೆ ಎಸೆದ. ಹರಿಗೋಲಿಗೆ ಹತ್ತಿ ಮಗಳ ಪಕ್ಕದಲ್ಲಿ ಕೂತು, ನಮ್ಮ ದಡಕ್ಕೆ ಬಿಡು ಎಂದು ಅಂಬಿಗನಿಗೆ ಹೇಳಿದ. ದಡದಲ್ಲಿ ನಿಂತ ಆರು ಜನರೂ ಕೊಸರು ಕೊಸರು ಎಂದು ಕೂಗಿಕೊಂಡರು. ವಿಚಿತ್ರವೆಂದರೆ ಆಚೆ ಊರಿನವರೂ, ಎಲ್ಲಿ ಕಡಿಮೆ ಬಿತ್ತೋ ಎಂಬ ಗಾಬರಿಯಲ್ಲಿ, ಅವರ ಜೊತೆಗೇ ಕೂಗಿದರು. ವರ್ತಕ ಬದುಕಿನಲ್ಲಿ ಮೊದಲ ಸಲ ಕೊಸರು ಹಾಕದೆ ಎದ್ದು ಬಂದಿದ್ದ.

ಹನ್ನೆರಡನೆಯ ದಿನಕ್ಕೆ ಅಜ್ಜಿಯ ಕೈಯಲ್ಲಿ ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣುಮಗು. ಗೌಡನೂ ಹಿರಿಯರೂ ಮಗುವನ್ನು ನೋಡುವ ನೆವದಲ್ಲಿ ಬಂದು, ಊರಿನ ತೂಕ ಒಂದು ಹರಿಗೋಲಿನಷ್ಟು ಕಡಿಮೆ ಬಿದ್ದಿದೆ ಎಂದು ಜಗಳ ತೆಗೆದರು. ಈಗ ಆ ಕಡೆಯಿಂದ ಯಾರು ಬರುತ್ತಿದ್ದಾರೆ ಹೇಳಿ, ಬರುವವರನ್ನು ನಿಲ್ಲಿಸಲು ಎಷ್ಟು ಬೇಕೋ ಅಷ್ಟನ್ನು ತೂಗಿ ಕೊಡುತ್ತೇನೆ ಎಂದು ವರ್ತಕ ಅಂದ. ಹಿರಿಯರು ಹೊಳೆಯ ಕಡೆ ನೋಡಿದರು. ಯಾರೂ ಬರುತ್ತಿರಲಿಲ್ಲ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಗೊಣಗುತ್ತ ಹೋದರು.

ಆಚೆ ಊರಿನ ಕತೆ ಇನ್ನೂ ಚೆನ್ನಾಗಿದೆ. ಅವರು ಎರಡು ಹರಿಗೋಲಿಗೆ ಸೇಡು ತೀರಿಸಬೇಕೆಂದು ಸಿದ್ಧವಾಗಿಯೇ ಇದ್ದರು. ಆದರೆ ತೂಗುವವಳು ತವರಿನಲ್ಲಿ ಬಾಣಂತಿ. ಚೊಚ್ಚಲ ಬಾಣಂತನ, ಐದು ತಿಂಗಳಿಗೆ ಮೊದಲು ಯಾರು ಕಳಿಸುತ್ತಾರೆ? ಅವಳಿಲ್ಲದೆ ತೂಗಿದರೆ ಹೆಚ್ಚುಕಡಿಮೆಯಾಗಿ ಅನ್ಯಾಯವಾದೀತು ಎಂದು ಅವರೂ ಧರ್ಮಕ್ಕೆ ಅಂಜಿ ಕಾದರು. ಆ ಐದು ತಿಂಗಳಲ್ಲಿ ಮಾಳಿಗೆಗಳ ಮೇಲೆ ಮತ್ತೆ ಬಳ್ಳಿ ಹಬ್ಬಿತು, ಹುಂಜಗಳು ಬೆಳೆದವು, ಹರಿಗೋಲುಗಳಿಗೆ ಹೊಸ ಚರ್ಮ ಬಂತು. ಅವಳು ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಾಗ ಯಾವುದನ್ನು ಯಾವುದಕ್ಕೆ ತೂಗಬೇಕಿತ್ತು ಎಂಬುದು ಯಾರಿಗೂ ನೆನಪಿರಲಿಲ್ಲ. ಅರ್ಧ ಮೀಸೆಯವನಿಗೆ ಮಾತ್ರ ನೆನಪಿತ್ತು. ಆದರೆ ಅಷ್ಟು ಹೊತ್ತಿಗೆ ಅವನ ಇನ್ನರ್ಧವೂ ಬೆಳೆದು ಸಮನಾಗಿ, ಪಾಪ, ಸಾಕ್ಷಿಯೇ ಹಾಳಾಗಿಹೋಗಿತ್ತು.

ಗುರುಗಳು ಕತೆ ಮುಗಿಸಿದರು. ಕಾಟಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಎಂಟು ದಿನಗಳಲ್ಲಿ ಅವನು ಹೀಗೆ ಮನಸಾರೆ ನಕ್ಕದ್ದು ಅದೇ ಮೊದಲು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಕತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಕೈ ಮುಗಿದ.

"ತಿಳಿಯಿತು ಗುರುಗಳೇ. ಕೊಸರು ಹಾಕಬಾರದು. ಮೂವರಿಗೆ ಮೂವರೇ, ನಾಲ್ಕನೆಯವನನ್ನು ಮುಟ್ಟಬಾರದು. ನಾಯಕರಿಗೆ ಹಾಗೆಯೇ ಹೇಳುತ್ತೇನೆ."

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಸತ್ತ ಹುಡುಗನ ಅಣ್ಣನ ಮೇಲಿನ ಮರುಕವಿತ್ತು.

"ನೀನು ಹೋಗಿ ಕೊಲ್ಲುವ ಹೊತ್ತಿಗೆ ಆ ಮೂವರು ಏನು ಮಾಡುತ್ತಿರುತ್ತಾರೆ, ಕಾಟಯ್ಯ?"

ಕಣಿವೆಯ ಆ ಕಡೆಯಿಂದ ಒಂದು ನಾಯಿಯೂ ಸುಳಿದಿಲ್ಲವೆಂದು ತಾನೇ ಹೇಳಿದ್ದು ನೆನಪಾಗಿ, ಕಾಟಯ್ಯ ಮುಗಿದ ಕೈಗಳನ್ನು ಇಳಿಸುವುದನ್ನೂ ಮರೆತು ನಿಂತ.